ಕೊಡಗಿನಲ್ಲಿ ಹಿರಿಯರ ಜಾಡು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆತನದ ಹಳೇ ಹೆಸರುಗಳ ಹಿಂದೆ ಬಿದ್ದು ಹದಿನೈದು ವರ್ಷವಾಯಿತು. ಆ ಸುದ್ದಿ ಹೇಗೋ ಹಬ್ಬಿದೆ. ಮದುವೆ ಮನೆಯಲ್ಲಿ ಊಟದ ಸಾಲಲ್ಲಿ ಕೂತವರು ಕೇಳುತ್ತಾರೆ, ಸುಗ್ಗಿ ಹಬ್ಬ ಪುತ್ತರಿಗೆ ಊರಿಗೆ ಬಂದವರು ಕೇಳುತ್ತಾರೆ, ಕಾಗದ ಬರೆದು ಕೇಳುವವರೂ ಇದ್ದಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನ ಹಳೇ ದಾಖಲೆಗಳಲ್ಲಿ ಹೆಚ್ಚಿನವು ಭೂಮಿಗಾಗಿ, ಕಂದಾಯಕ್ಕಾಗಿ ಬರೆದವು. ಮನುಷ್ಯರು ಅಲ್ಲಿ ಗದ್ದೆಯ ಜೊತೆಗೆ ಬಂದು ಹೋಗುತ್ತಾರೆ, ಅಷ್ಟೇ. ಹಾಗಾಗಿ ಅಜ್ಜ ಸಿಗಬೇಕಾದರೆ ಅಜ್ಜನ ಗದ್ದೆಯನ್ನು ಹುಡುಕಬೇಕು. ಗದ್ದೆ ಇಲ್ಲದವರಿಗೆ, ಗದ್ದೆಯಲ್ಲಿ ಹೆಸರಿಲ್ಲದ ಹೆಂಗಸರಿಗೆ ಬೇರೆ ದಾರಿ ಹಿಡಿಯಬೇಕು. ಆ ದಾರಿ ಉದ್ದ. ಆದರೆ ಇದೆ.

## ಈಗಷ್ಟೇ ಶುರು ಮಾಡುವವರಿಗೆ

ಅಜ್ಜನ ಅಪ್ಪನಿಂದ ಮೇಲಕ್ಕೆ ಒಂದು ಹೆಸರೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ನಿಮ್ಮಿಂದಲೇ. ನಿಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ಅವರ ಅಪ್ಪ ಅಮ್ಮನ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಹುಟ್ಟಿದ ಊರು, ನಾಡು, ಮನೆಪೆದ ಅಥವಾ ಕುಟುಂಬದ ಹೆಸರು ಹಾಕಿ. ಊರಿಗಿಂತ ನಾಡು, ಅಂದರೆ ಊರುಗಳ ಗುಂಪು, ಮುಖ್ಯ. ಒಂದೇ ಹೆಸರಿನ ಊರು ಎರಡು ಕಡೆ ಇರಬಹುದು, ಹಳೇ ಕಾಗದಗಳಲ್ಲಿ ನಾಡಿನ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮೇಲಿನಿಂದ ಕೆಳಕ್ಕೆ ಬರುವ ಆಸೆ ಎಲ್ಲರಿಗೂ ಇರುತ್ತದೆ. ರಾಜರ ಕಾಲದ ಒಬ್ಬ ದಿವಾನನನ್ನೋ ಸುಬೇದಾರನನ್ನೋ ಹಿಡಿದು, ಅವನಿಂದ ನಮ್ಮ ತನಕ ಗೆರೆ ಎಳೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಮಧ್ಯದ ಎರಡು ತಲೆಮಾರು ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ಅದನ್ನು ಕೆಡವುವುದಕ್ಕೂ ಮನಸ್ಸು ಬರುವುದಿಲ್ಲ.

ಹಿರಿಯರ ಹತ್ರ ಕೇಳಿದ್ರೆ "ಎಲ್ಲಾ ಮರ್ತೋಗಿದೆ" ಅಂತಾರೆ. ಹೇಗೆ ಕೇಳೋದು?

"ನಮ್ಮ ವಂಶದ ಬಗ್ಗೆ ಹೇಳಿ" ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಸಣ್ಣದು ಕೇಳಿ. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ನಡುಮನೆ ನೆಲ್ಲಕ್ಕಿ ಬಾಡೆಯಲ್ಲಿ ತೂಗು ದೀಪ ಯಾರು ಹಚ್ಚುತ್ತಿದ್ದರು? ಕಾರಣಂಗೆ ಕೊಡುವಾಗ, ಅಂದರೆ ಹಿರಿಯರಿಗೆ ಎಡೆ ಇಡುವಾಗ, ಯಾರ ಯಾರ ಹೆಸರು ಹೇಳುತ್ತಿದ್ದರು? ಕೋವಿ ಯಾರ ಹೆಸರಿನಲ್ಲಿತ್ತು? ಮದುವೆಗೆ ಎತ್ತಿನ ಗಾಡಿಯಲ್ಲಿ ಯಾವ ಊರಿಗೆ ಹೋದಿರಿ? ಒಂದು ಸಣ್ಣ ಪ್ರಶ್ನೆ ಹತ್ತು ಹೆಸರನ್ನು ಎಳೆದು ತರುತ್ತದೆ.

ವರ್ಷ ಕೇಳಬೇಡಿ. ಹಬ್ಬ, ತಿಂಗಳು, ದೊಡ್ಡ ಘಟನೆ ಕೇಳಿ. ಕಕ್ಕಡದಲ್ಲಿ ಹುಟ್ಟಿದವನು ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ. ಆಯುಧದ ಹಬ್ಬ ಕೈಲ್ ಪೊಳ್ದ್ ಎಂದರೆ ಸೆಪ್ಟೆಂಬರ್ ಶುರು. 1918ರ ಜ್ವರ, 1924ರ ಕಾವೇರಿ ನೆರೆ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು, ಇವೆಲ್ಲ ಒಳ್ಳೆಯ ಗೂಟಗಳು. "ನೆರೆ ಬಂದಾಗ ನಮ್ಮಪ್ಪ ಇನ್ನೂ ಹಾಲು ಕುಡಿಯುವ ಮಗು" ಎಂದರೆ ಹುಟ್ಟಿದ ವರ್ಷ ಸಿಕ್ಕ ಹಾಗೆ.

ಇನ್ನೊಂದು ಎಚ್ಚರ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ "ತಾಯಿ" ಎಂದರೆ ಅಜ್ಜಿ, ಹೆತ್ತವಳು "ಅವ್ವ". ಹಿರಿಯರೊಬ್ಬರು "ನಾಡ ತಾಯಿ" ಎಂದು ಹೇಳಿದ್ದನ್ನು ಕನ್ನಡದ ಕಿವಿಯಲ್ಲಿ ಕೇಳಿ "ನನ್ನ ತಾಯಿ" ಎಂದು ಬರೆದುಕೊಂಡರೆ ಒಂದು ತಲೆಮಾರೇ ಮಾಯ. ಬೇರೆ ಊರಲ್ಲಿ ಬೆಳೆದ ಮಕ್ಕಳು ಮಾಡಿದ ಎಷ್ಟೋ ವಂಶವೃಕ್ಷಗಳಲ್ಲಿ ಇದೇ ತಪ್ಪು ನೋಡಿದ್ದೇನೆ. ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅವರು ಆಡಿದ ಮಾತು ಆಡಿದ ಹಾಗೇ ಉಳಿಯಲಿ, ಅರ್ಥ ಆಮೇಲೆ ಮಾಡಿಕೊಳ್ಳಬಹುದು.

ಮನೆಯಲ್ಲಿ ಹಳೇ ಕಾಗದ ಒಂದೂ ಇಲ್ಲ. ಇನ್ನೇನು ನೋಡೋದು?

ನಿಜವಾಗಲೂ ಇಲ್ಲವಾ? ಅಟ್ಟದ ಟ್ರಂಕು ತೆಗೆದು ನೋಡಿದ್ದೀರಾ? ನಮ್ಮ ಮನೆಯಲ್ಲೂ "ಏನೂ ಇಲ್ಲ" ಎಂದೇ ಹೇಳುತ್ತಿದ್ದರು. ಟ್ರಂಕಿನ ತಳಕ್ಕೆ ಹಾಸಿದ್ದ ಹಳೇ ಪೇಪರಿನ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಇತ್ತು. ಮಡಿಕೆಗಳಲ್ಲಿ ಹರಿದು, ಕರಿಮೆಣಸಿನ ವಾಸನೆ ಹಿಡಿದು, ಒಂದು ಮೂಲೆ ಗೆದ್ದಲಿನ ಪಾಲಾಗಿತ್ತು. ಕೋವಿಯ ವಿನಾಯಿತಿ ಪತ್ರ. ಅದರಲ್ಲಿ ಮುತ್ತಜ್ಜನ ಹೆಸರು, ಅವನ ಅಪ್ಪನ ಹೆಸರು, ಊರು, ನಾಡು ನಾಲ್ಕೂ ಇದ್ದವು. ಮುತ್ತಜ್ಜನ ಅಪ್ಪನ ಹೆಸರನ್ನು ನಾನು ಓದಿದ್ದು ಅದೇ ಮೊದಲು.

ಕೊಡವರಿಗೂ, ಸೇವೆಯ ಬದಲಿಗೆ ಕೊಟ್ಟ ವಂಶಪಾರಂಪರ್ಯದ ಭೂಮಿಯಾದ ಜಮ್ಮದ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಹಾಗಾಗಿ ಈ ಪತ್ರ ತುಂಬಾ ಮನೆಗಳಲ್ಲಿ ಇರುತ್ತದೆ. ಅದರ ಜೊತೆಗೆ ಫೋಟೋಗಳ ಹಿಂಭಾಗ ನೋಡಿ. ಹಿತ್ತಾಳೆ, ಕಂಚಿನ ಪಾತ್ರೆಗಳ ಅಂಚು ನೋಡಿ, ಮದುವೆಗೆ ಕೊಟ್ಟವರು ಹೆಸರು ಕೆತ್ತಿಸುತ್ತಿದ್ದರು. ಪಂಚಾಂಗದ ಅಂಚಿನಲ್ಲಿ ಮಗು ಹುಟ್ಟಿದ ಗಳಿಗೆ ಬರೆಯುವ ರೂಢಿ ಇತ್ತು. ಕಾಫಿ ಮಾರಿದ ಚೀಟಿ, ಸಹಕಾರ ಸಂಘದ ಪಾಸ್‌ಬುಕ್, ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ಒಂದನ್ನೂ ಬಿಸಾಡಬೇಡಿ.

ಮನೆಪೆದ ಒಂದೇ ಇದ್ರೆ ಎಲ್ಲರೂ ಒಂದೇ ಮೂಲದವರಾ?

ಸಾಮಾನ್ಯವಾಗಿ ಹೌದು. ಒಂದು ಒಕ್ಕದವರು, ಅಂದರೆ ಒಂದೇ ಮನೆತನದವರು, ಅಣ್ಣತಮ್ಮಂದಿರು, ಅವರೊಳಗೆ ಮದುವೆ ಇಲ್ಲ. ಆದರೆ ಬೇರೆ ಬೇರೆ ನಾಡಿನಲ್ಲಿ ಒಂದೇ ಮನೆಪೆದ ಇದ್ದಾಗ ಸುಮ್ನೆ ಒಂದು ಮಾಡಿಬಿಡಬೇಡಿ. ನಾನು ಮೂರು ಪ್ರಶ್ನೆ ಕೇಳುತ್ತೇನೆ. ಹಿರಿಯರ ಗುಡಿ ಕೈಮಡ ಒಂದೇನಾ? ಸತ್ತವರನ್ನು ಸುಡುವ, ಹೂಳುವ ಜಾಗ ತೂಟಂಗಳ ಒಂದೇನಾ? ಆ ಮನೆಯಲ್ಲಿ ಸಾವಾದರೆ ಈ ಮನೆಯವರು ಸೂತಕ ಹಿಡಿಯುತ್ತಾರಾ? ಮೂರಕ್ಕೂ "ಇಲ್ಲ" ಎಂದರೆ ಬೇರೆ ಎಂದೇ ಇಟ್ಟುಕೊಂಡು ಮುಂದೆ ಹೋಗಿ.

ಅರೆಭಾಷೆ ಗೌಡರಲ್ಲಿ "ಹತ್ತು ಕುಟುಂಬ, ಹದಿನೆಂಟು ಗೋತ್ರ" ಎನ್ನುವ ಮಾತಿದೆ. ಅಲ್ಲಿ ಕುಟುಂಬದ ಹೆಸರಿನ ಜೊತೆ ಬಳಿಯನ್ನೂ, ಅಂದರೆ ಗೋತ್ರವನ್ನೂ, ಕೇಳಬೇಕು. ಕುಟುಂಬದ ಹೆಸರು ಬದಲಾದರೂ ಬಳಿ ಮೂಲವನ್ನು ಹಿಡಿದಿಟ್ಟುಕೊಂಡಿರುತ್ತದೆ.

## ಹೆಸರು, ಹೆಣ್ಣು, ಸಂಬಂಧ

ಎಲ್ಲಿ ನೋಡಿದ್ರೂ ಅದೇ ಕಾರ್ಯಪ್ಪ, ಅದೇ ಪೊನ್ನಪ್ಪ. ಯಾರು ಯಾರು ಅಂತ ಹೇಗೆ ಗೊತ್ತಾಗ್ತದೆ?

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಬಂದ ತೊಂದರೆ ಇದು. ಆದರೆ ಅದೇ ರೂಢಿ ಸಹಾಯಕ್ಕೂ ಬರುತ್ತದೆ. ಒಂದು ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬಂದರೆ ಅಜ್ಜ ಮೊಮ್ಮಗ ಇರಬಹುದು ಎಂದು ಊಹಿಸಿ, ಆಮೇಲೆ ದಾಖಲೆಯಲ್ಲಿ ಹುಡುಕಬಹುದು.

ಕೊಡವ ಹೆಸರಿನಲ್ಲಿ ಮೊದಲು ಒಕ್ಕ, ಆಮೇಲೆ ಸಾಮಾನ್ಯವಾಗಿ ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಎಂದರೆ ಕೋದಂಡೇರ ಮಾದಪ್ಪ ಕಾರ್ಯಪ್ಪ. ಜನರಲ್ ಕೆ. ಎಸ್. ತಿಮ್ಮಯ್ಯ ಅವರ "ಕೆ" ಕೂಡ ಅದೇ ಕೋದಂಡೇರ. ಹಳೇ ರಿಜಿಸ್ಟರಿನಲ್ಲಿ ಎರಡು ಇನಿಶಿಯಲ್ ಕಂಡರೆ ಮೊದಲನೆಯದು ಒಕ್ಕ, ಎರಡನೆಯದು ಅಪ್ಪ ಎಂದು ಓದಿಕೊಂಡು ನೋಡಿ. ಅಪ್ಪನ ಇನಿಶಿಯಲ್ ಬೇರೆ ಇದ್ದರೆ ಮನುಷ್ಯನೂ ಬೇರೆ.

ನಾನು ಒಮ್ಮೆ ಎರಡು ಜನ ಪೊನ್ನಪ್ಪರನ್ನು ಒಬ್ಬನೆಂದು ಸೇರಿಸಿಬಿಟ್ಟಿದ್ದೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅವರು, ಒಂದೇ ಐನ್‌ಮನೆಯಲ್ಲಿ ಬೆಳೆದವರು. ಹೆಂಡತಿಯರ ಹೆಸರು ಹೋಲಿಸಿದ ಮೇಲೆ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಒಂದು ಕವಲಿನವರಿಗೆ ಆ ಪಟ್ಟಿ ಕೊಟ್ಟಾಗಿತ್ತು. ಮನೆ ಮನೆಗೆ ಹೋಗಿ ತಿದ್ದಿಸಿ ಬರಬೇಕಾಯಿತು. ಅಂದಿನಿಂದ ಗಂಡನ ಹೆಸರಿನ ಪಕ್ಕ ಹೆಂಡತಿಯ ಹೆಸರು ಸಿಗುವ ತನಕ ನಾನು ಯಾರನ್ನೂ ಪಕ್ಕಾ ಮಾಡುವುದಿಲ್ಲ.

ಮುತ್ತಜ್ಜಿ ಯಾವ ಮನೆಯವಳು? ನಮ್ಮ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ.

ನನಗೆ ಅತಿ ಹತ್ತಿರದ ಪ್ರಶ್ನೆ ಇದು. ಗೋಡೆಗೆ ತೂಗುಹಾಕಿದ ವಂಶವೃಕ್ಷಗಳಲ್ಲಿ ಹೆಚ್ಚಿನವು ಗಂಡಸರ ಪಟ್ಟಿ. ಬಂದ ಸೊಸೆ ಇಲ್ಲ, ಹೋದ ಮಗಳು ಇಲ್ಲ. ಅಂದರೆ ನಮ್ಮ ರಕ್ತದಲ್ಲಿ ಅರ್ಧಕ್ಕರ್ಧ ಅಲ್ಲಿ ಇಲ್ಲ ಅಲ್ವಾ?

ಅವಳನ್ನು ಅವಳ ಗಂಡನ ಮನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವಳ ಅಣ್ಣತಮ್ಮಂದಿರನ್ನು ಹುಡುಕಬೇಕು. ತವರಿನವರು ಎಲ್ಲೆಲ್ಲಿ ಬರುತ್ತಾರೆ? ಸಾಲದ ಪತ್ರದಲ್ಲಿ ಸಾಕ್ಷಿಯಾಗಿ, ಮಕ್ಕಳು ಚಿಕ್ಕವರಿದ್ದಾಗ ಅಪ್ಪ ಸತ್ತರೆ ಪೋಷಕನಾಗಿ, ಶಾಲೆಗೆ ಸೇರಿಸುವಾಗ ಸಹಿ ಹಾಕಿದ ಮಾವನಾಗಿ. ನಮ್ಮ ಮುತ್ತಜ್ಜಿಯ ತವರು ಸಿಕ್ಕಿದ್ದು ಒಂದು ಅಡಮಾನ ಪತ್ರದಲ್ಲಿ. ಜಮ್ಮ ಭೂಮಿಯನ್ನು ಅಡವಿಡುವಂತಿರಲಿಲ್ಲ, ಇದು ಪೂರ್ತಿ ಕಂದಾಯದ ಸಾಗು ಜಮೀನಿನದ್ದು. ನೋಂದಣಿ ಪುಸ್ತಕದ ನಕಲು ತೆಗೆಸಿದೆ. ಕೊನೆಯ ಸಾಲಿನಲ್ಲಿ ಇಬ್ಬರು ಸಾಕ್ಷಿಗಳು. ಒಬ್ಬ ಪಕ್ಕದ ಮನೆಯವನು. ಇನ್ನೊಬ್ಬನ ಒಕ್ಕ ನಮ್ಮ ಕಡೆಯದ್ದೇ ಅಲ್ಲ, ಮೂವತ್ತು ಮೈಲಿ ಆಚೆಯ ನಾಡಿನದ್ದು. ಅಷ್ಟು ದೂರದಿಂದ ಮಳೆಗಾಲದಲ್ಲಿ ನಡೆದು ಬಂದು ಸಹಿ ಹಾಕಬೇಕಾದರೆ ಬರೀ ಗೆಳೆಯ ಆಗಿರಲಾರ ಅನ್ನಿಸಿತು. ಆ ಒಕ್ಕದ ಐನ್‌ಮನೆಗೆ ಹೋದೆ. ಅಲ್ಲಿನ ಅಜ್ಜಿಯೊಬ್ಬರು ನಮ್ಮ ಊರಿನ ಹೆಸರು ಕೇಳಿದ ಕೂಡಲೇ "ಅಲ್ಲಿಗೆ ನಮ್ಮ ಬೊಳ್ಳವ್ವನನ್ನು ಕೊಟ್ಟಿತ್ತಲ್ಲ" ಎಂದರು. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು ಅವಳ ತವರಲ್ಲಿ ನಾಲ್ಕು ತಲೆಮಾರು ಉಳಿದಿತ್ತು.

ಇನ್ನೊಂದು ದಾರಿ ಅರುವ. ಮದುವೆಯಲ್ಲಿ ಸಂಬಂಧ ಕೊಡುವಾಗ ಎರಡೂ ಒಕ್ಕದ ಅರುವರು ನಿಂತು ಮಾತಾಡುತ್ತಾರೆ. ಒಂದು ಒಕ್ಕಕ್ಕೆ ಅರುವ ಮನೆ ತಲೆತಲಾಂತರದಿಂದ ಇರುತ್ತದೆ. ನಿಮ್ಮ ಮನೆಗೆ ಯಾವ ಕಡೆಯಿಂದ ಹೆಣ್ಣು ಬಂತು ಎನ್ನುವುದು ನಿಮ್ಮವರಿಗೆ ಮರೆತರೂ ಅರುವ ಮನೆಯವರಿಗೆ ನೆನಪಿರಬಹುದು. ಅವರನ್ನು ಕೇಳುವುದು ಯಾರಿಗೂ ಹೊಳೆಯುವುದಿಲ್ಲ.

ಮುತ್ತಜ್ಜನ ಅಪ್ಪ ಬೇರೆ ಒಕ್ಕದವನಂತೆ. ಹಾಗಾದ್ರೆ ನಾವು ಈ ಒಕ್ಕದವರು ಹೇಗಾದೆವು?

ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಗಂಡು ಸಂತಾನ ನಿಂತ ಒಕ್ಕವನ್ನು ಉಳಿಸಲು ಹಿರಿಯರು ಮಾಡಿಕೊಂಡ ಕ್ರಮಗಳಿವೆ. ಒಕ್ಕ ಪರಿಜೆ ಎಂಬ ಮದುವೆಯಲ್ಲಿ ಅಳಿಯ ಹೆಣ್ಣಿನ ಒಕ್ಕಕ್ಕೇ ಸೇರುತ್ತಾನೆ, ಮಕ್ಕಳೂ ಆ ಒಕ್ಕದವರೇ. ಮಕ್ಕ ಪರಿಜೆ ಎಂಬ ಮದುವೆಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿಯುತ್ತಾನೆ, ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ದತ್ತು ಬಂದವರೂ ಇದ್ದಾರೆ. ಹಾಗಾಗಿ ಮಗನ ಒಕ್ಕವೂ ಅಪ್ಪನ ಒಕ್ಕವೂ ಬೇರೆ ಕಂಡರೆ ಗುಮಾಸ್ತನ ತಪ್ಪು ಎಂದು ತಿದ್ದಬೇಡಿ. ಆ ಎರಡು ಹೆಸರಿನ ಮಧ್ಯೆ ಒಬ್ಬ ಮಗಳು ನಿಂತಿದ್ದಾಳೆ, ಅವಳ ಹೆಸರು ಹುಡುಕಿ.

## ಕಚೇರಿ, ಶಾಲೆ, ದೇವಸ್ಥಾನ

ಪಹಣಿ ತೆಗೆಸಿದ್ರೆ ಯಾವತ್ತೋ ತೀರಿಹೋದವರ ಹೆಸರು ಬರ್ತದೆ. ಇದರಿಂದ ಏನು ಉಪಯೋಗ?

ಬೇರೆ ಜಿಲ್ಲೆಯವರಿಗೆ ಇದು ತಲೆನೋವು. ನಮಗೆ ತಲೆನೋವೂ ಹೌದು, ನಿಧಿಯೂ ಹೌದು. ಜಮ್ಮ ಭೂಮಿ ಒಬ್ಬೊಬ್ಬರದ್ದಲ್ಲ, ಒಕ್ಕದ್ದು. ಮಾರುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ ಎಂಬುದು ಹಳೇ ನಿಯಮ. ಕಂದಾಯ ಕಟ್ಟುವ ಜವಾಬ್ದಾರಿ ಒಕ್ಕದ ಹಿರಿಯನಾದ ಪಟ್ಟೆದಾರನದ್ದು, ಹೆಸರೂ ಅವನದ್ದೇ. ಪಟ್ಟೆದಾರ ಸತ್ತ ಮೇಲೂ ಎಷ್ಟೋ ಕಡೆ ಆ ಹೆಸರು ಬದಲಾಗದೆ ಉಳಿಯಿತು. ಈಗ ಪಹಣಿಯಲ್ಲಿ ಕಾಣುವುದು ಅಂಥ ಒಬ್ಬ ಹಿರಿಯನನ್ನೇ.

ಆ ಹೆಸರು ಹಿಡಿದು ಸರ್ವೆ ನಂಬರಿನಿಂದ ಹಿಂದಕ್ಕೆ ಹೋಗಿ. ಜಮ್ಮ, ಸಾಗು, ಉಂಬಳಿ, ಗದ್ದೆಗೆ ಸೇರಿದ ಕಾಡುಭೂಮಿಯಾದರೆ ಬಾಣೆ ಎಂದು ಏನು ಬರೆದಿದೆ ನೋಡಿ. ಜಮ್ಮಕ್ಕೆ ಕಂದಾಯ ಸಾಗಿನ ಅರ್ಧ ಇತ್ತು, ಬದಲಿಗೆ ಸೇವೆ ಇತ್ತು. ಉಂಬಳಿ ಎಂದರೆ ಯಾವುದೋ ಕೆಲಸಕ್ಕೆ ಕೊಟ್ಟದ್ದು. ಏನು ಕೆಲಸ ಎಂದು ಗೊತ್ತಾದರೆ ಆ ಮನುಷ್ಯ ಯಾರು ಎಂದು ಅರ್ಧ ಗೊತ್ತಾಯಿತು. 1899ರ ಕೊಡಗು ಭೂಮಿ ಮತ್ತು ಕಂದಾಯ ಕಾಯ್ದೆಯ ಕಾಲದ ರಿಜಿಸ್ಟರುಗಳು ಸಿಕ್ಕರೆ ಇವೆಲ್ಲ ಬೇರೆ ಬೇರೆ ಕಾಲಮ್ಮಿನಲ್ಲಿ ಸ್ಪಷ್ಟ ಇರುತ್ತವೆ. ನಮ್ಮ ಗೌಡ, ಹೆಗ್ಗಡೆ, ಐರಿ, ಮಾಪಿಳ್ಳೆ ಮನೆತನಗಳಲ್ಲೂ ಜಮ್ಮ ಹಿಡಿದವರಿದ್ದಾರೆ. ಇದು ಕೊಡವರಿಗೆ ಮಾತ್ರ ಎಂದು ಸುಮ್ಮನೆ ಕೂರಬೇಡಿ.

ಕಚೇರಿಗೆ ಹೋಗಿ ಕೇಳಿದ್ರೆ "ಹಳೇ ರೆಕಾರ್ಡ್ ಇಲ್ಲ" ಅಂತಾರೆ. ಮುಂದೇನು?

"ಹಳೇ ರೆಕಾರ್ಡ್" ಎಂದು ಕೇಳಿದರೆ "ಇಲ್ಲ" ಎಂದೇ ಉತ್ತರ. ಒಂದು ಕಚೇರಿಯಲ್ಲಿ ನನಗೂ ಮೂರು ಸಲ ಹಾಗೇ ಆಯಿತು. ನಾಲ್ಕನೇ ಸಲ ಗ್ರಾಮ, ಸರ್ವೆ ನಂಬರ್, ಪಟ್ಟೆದಾರನ ಹೆಸರು, ಅಂದಾಜು ವರ್ಷ ಬರೆದು, ಇಂಥ ಫೌತಿ ಖಾತೆಯ ಕಡತದ ದೃಢೀಕೃತ ನಕಲು ಬೇಕು ಎಂದು ಅರ್ಜಿ ಕೊಟ್ಟೆ. ಸಿಕ್ಕಿತು.

ಫೌತಿ ಖಾತೆಯ ಕಡತ ಎನ್ನುವ ಮಾತು ನೆನಪಿಟ್ಟುಕೊಳ್ಳಿ. ಖಾತೆದಾರ ಸತ್ತು ವಾರಸುದಾರರ ಹೆಸರಿಗೆ ಬದಲಾಯಿಸುವಾಗ ವಂಶವೃಕ್ಷ, ಹೇಳಿಕೆಗಳು, ಮರಣದ ದಿನ ಎಲ್ಲ ಅದರಲ್ಲಿ ಸೇರಿರುತ್ತವೆ. ಅದಕ್ಕಿಂತ ಚಿನ್ನದಂಥದ್ದು ಸಿವಿಲ್ ಕೋರ್ಟಿನ ಪಾಲಿನ ದಾವೆಗಳು. ಜಗಳವಾಡಿದ ಅಣ್ಣತಮ್ಮಂದಿರು ಇಬ್ಬರೂ ತಮ್ಮ ತಮ್ಮ ವಂಶಾವಳಿ ಬರೆದು ಕೊಟ್ಟಿರುತ್ತಾರೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಇಬ್ಬರೂ ಒಪ್ಪಿದ ಹೆಸರುಗಳನ್ನು ನಂಬಬಹುದು.

ತಾಲೂಕು ಗಡಿಗಳು ಬದಲಾಗಿವೆ ಎನ್ನುವುದೂ ಗಮನದಲ್ಲಿರಲಿ. ಪೊನ್ನಂಪೇಟೆ, ಕುಶಾಲನಗರ ಹೊಸ ತಾಲೂಕುಗಳು. ಹಳೇ ಕಡತ ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಇರಬಹುದು. ಇನ್ನೂ ಹಿಂದೆ ಹೋದರೆ ಪಡಿನಾಲ್ಕುನಾಡು, ಕಿಗ್ಗಟ್ಟುನಾಡು, ಏಳುಸಾವಿರ ಸೀಮೆ ಎನ್ನುವ ಹೆಸರುಗಳಲ್ಲಿ ಬರುತ್ತವೆ. ಕೊಟ್ಟ ಅರ್ಜಿಗೆ ಉತ್ತರವೇ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ಜನಗಣತಿ ಪುಸ್ತಕದಲ್ಲಿ ನಮ್ಮ ಮನೆಯವರ ಹೆಸರು ಸಿಗ್ತದಾ?

ಇಲ್ಲ. 1871ರಿಂದ ಕೊಡಗಿನ ಜನಗಣತಿ ವರದಿಗಳಿವೆ, ಅವುಗಳಲ್ಲಿ ಇರುವುದು ಲೆಕ್ಕ ಮಾತ್ರ. ಮನೆ ಮನೆಯ ಹಾಳೆಗಳನ್ನು ಇಲ್ಲಿ ಉಳಿಸಿಲ್ಲ, 1948ರ ಜನಗಣತಿ ಕಾಯ್ದೆಯ ಪ್ರಕಾರ ಅವನ್ನು ಸಾರ್ವಜನಿಕರು ನೋಡುವಂತೆಯೂ ಇಲ್ಲ. ವಿದೇಶದಲ್ಲಿರುವ ನೆಂಟರು "ಇಲ್ಲಿ ಸಿಗುತ್ತಲ್ಲ" ಎನ್ನುತ್ತಾರೆ. ಅಲ್ಲಿ ಸಿಗುತ್ತದೆ, ಇಲ್ಲಿಲ್ಲ.

ಜನನ ಮರಣದ ದಾಖಲೆ ಎಷ್ಟು ಹಿಂದಕ್ಕೆ ಹೋಗ್ತದೆ?

ಈಗಿನ ಕಾಯ್ದೆ 1969ರದ್ದು. ಅದಕ್ಕೂ ಮುಂಚೆ ಪಟೇಲರು ಬರೆದ ಪುಸ್ತಕಗಳು ಕೆಲವು ಕಡೆ ಉಳಿದಿವೆ, ಕೆಲವು ಕಡೆ ಗೆದ್ದಲು ತಿಂದಿವೆ. ಮಗುವಿನ ಹೆಸರಿನ ಜಾಗದಲ್ಲಿ "ಗಂಡು" ಅಥವಾ "ಹೆಣ್ಣು" ಎಂದಷ್ಟೇ ಇರುವುದು ಜಾಸ್ತಿ, ಯಾಕೆಂದರೆ ಬರೆಸುವಾಗ ನಾಮಕರಣ ಆಗಿರುವುದಿಲ್ಲ. ಹಾಗಾಗಿ ಮಗುವಿನ ಹೆಸರಿನಲ್ಲಿ ಹುಡುಕದೆ ಅಪ್ಪನ ಹೆಸರಿನಲ್ಲಿ ಹುಡುಕಿ. ಶಾಲೆಯ ದಾಖಲಾತಿ ರಿಜಿಸ್ಟರನ್ನೂ ನೋಡಿ. ಅಲ್ಲಿ ಬರೆದ ಹುಟ್ಟಿದ ದಿನ ಮೇಷ್ಟ್ರು ಅಂದಾಜಿಗೆ ಹಾಕಿದ್ದಿರಬಹುದು, ಆದರೆ ಅಪ್ಪನ ಹೆಸರು, ಊರು, ಹಿಂದೆ ಓದಿದ ಶಾಲೆ ಸಾಮಾನ್ಯವಾಗಿ ಸರಿ ಇರುತ್ತವೆ.

ದೇವಸ್ಥಾನ, ಚರ್ಚುಗಳಲ್ಲಿ ಏನಾದ್ರೂ ಸಿಗಬಹುದಾ?

ಚರ್ಚಿನಲ್ಲಿ ಖಂಡಿತ ಕೇಳಿ. ವಿರಾಜಪೇಟೆ ಪಟ್ಟಣ ಕಟ್ಟಿಸಿದ್ದು ಕೊಡಗಿನ ರಾಜ ದೊಡ್ಡವೀರರಾಜೇಂದ್ರ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಅವನು ಅಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ 1792ರದ್ದು. ಕ್ರೈಸ್ತರಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರಕ್ಕೂ ರಿಜಿಸ್ಟರ್ ಇಡುವ ಪದ್ಧತಿ. ಅದರಲ್ಲಿ ತಾಯಿಯ ಹೆಸರೂ ಇರುತ್ತದೆ ಎನ್ನುವುದು ದೊಡ್ಡ ಉಪಕಾರ.

ದೇವಸ್ಥಾನಗಳಲ್ಲಿ ಹುಟ್ಟು ಸಾವಿನ ಲೆಕ್ಕ ಇರುವುದಿಲ್ಲ. ಅಲ್ಲಿ ಇರುವುದು ಹಕ್ಕಿನ ಲೆಕ್ಕ. ದೇವಸ್ಥಾನದ ಮುಖ್ಯಸ್ಥ ದೇವತಕ್ಕ ಯಾರು, ಹಬ್ಬದಲ್ಲಿ ಎತ್ತು ಯಾರ ಮನೆಯಿಂದ ಬರಬೇಕು, ಮೊದಲು ಯಾರಿಗೆ ಪ್ರಸಾದ. ಒಂದು ಊರಿನಲ್ಲಿ ನಿಮ್ಮ ಮನೆಯವರಿಗೆ ಇಂಥದ್ದೊಂದು ಹಕ್ಕಿದ್ದರೆ ಅವರು ಅಲ್ಲಿ ನೆಲೆನಿಂತು ತುಂಬಾ ಕಾಲವಾಗಿದೆ ಎಂದು ಅರ್ಥ.

ಅಜ್ಜನ ಅಣ್ಣ ಯುದ್ಧಕ್ಕೆ ಹೋದವರು ವಾಪಸ್ ಬರ್ಲಿಲ್ಲ. ಅವರ ಬಗ್ಗೆ ಎಲ್ಲಿ ಹುಡುಕಲಿ?

ಎರಡು ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿಯನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಇಂಟರ್‌ನೆಟ್ಟಿನಲ್ಲಿ ಹಾಕಿದೆ. ದುಡ್ಡು ಕೊಡಬೇಕಾಗಿಲ್ಲ. ಹೆಸರು, ದಳ, ಸತ್ತ ದಿನ ಸಿಗುತ್ತದೆ, ಎಷ್ಟೋ ಸಲ ಅಪ್ಪನ ಹೆಸರು, ಊರು, ಕೂರ್ಗ್ ಎಂದೂ ಇರುತ್ತದೆ. ಬದುಕಿ ಬಂದವರದ್ದಾದರೆ ಅವರಿದ್ದ ದಳದ ದಾಖಲೆ ಕಚೇರಿಗೆ ಹತ್ತಿರದ ಸಂಬಂಧಿಕರು ಬರೆಯಬೇಕು. ಸೇವಾ ಸಂಖ್ಯೆ ಇದ್ದರೆ ಕೆಲಸ ಬೇಗ ಆಗುತ್ತದೆ. ಪೆನ್ಶನ್ ಪುಸ್ತಕದಲ್ಲೂ ಪದಕದ ಅಂಚಿನಲ್ಲೂ ಆ ಸಂಖ್ಯೆ ನೋಡಿ.

## ಕಷ್ಟದ ಪ್ರಶ್ನೆಗಳು

ಬ್ರಿಟಿಷರಿಗಿಂತ ಹಿಂದೆ ಹೋಗೋಕಾಗ್ತದಾ?

ಒಂದೆರಡು ತಲೆಮಾರು ಆಗಬಹುದು. ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ಅದಕ್ಕೂ ಮುಂಚೆ ರಾಜ ಲಿಂಗರಾಜೇಂದ್ರನ ಕಾಲದಲ್ಲಿ, ಅಂದರೆ 1811ರಿಂದ 1820ರ ನಡುವೆ, ಭೂಮಿ ಅಳೆದು ಕಂದಾಯ ಗೊತ್ತು ಮಾಡಿದ "ಶಿಸ್ತು" ಇದೆ. ಗದ್ದೆಯ ಲೆಕ್ಕ ಬಟ್ಟಿ ಎಂಬ ಅಳತೆಯಲ್ಲಿ ಇರುತ್ತದೆ. ಬ್ರಿಟಿಷರೂ ಬಹಳ ಕಾಲ ಆ ಲೆಕ್ಕದ ಮೇಲೆಯೇ ನಡೆದರು. ರಾಜರು ಕೊಟ್ಟ ಸನ್ನದುಗಳು ಕೆಲವು ಐನ್‌ಮನೆಗಳಲ್ಲಿ ಇನ್ನೂ ಇವೆ. ದೊಡ್ಡವೀರರಾಜೇಂದ್ರ ಬರೆಸಿದ ರಾಜೇಂದ್ರನಾಮೆ 1633ರಿಂದ 1807ರ ತನಕದ ಕಥೆ ಹೇಳುತ್ತದೆ, ಆದರೆ ಅದು ಅರಮನೆಯ ಕಥೆ. ಸೈನ್ಯದಲ್ಲಿ, ರಾಜರ ಕೆಲಸದಲ್ಲಿ ಇದ್ದವರ ಹೆಸರು ಬಂದರೆ ಬಂತು.

ಹಳೇ ಕಾಗದದಲ್ಲಿ ವರ್ಷದ ಬದಲು ಸಂವತ್ಸರ ಇರುತ್ತದೆ. ಅರವತ್ತಕ್ಕೊಮ್ಮೆ ಅದೇ ಹೆಸರು ಮತ್ತೆ ಬರುವುದರಿಂದ ಎಚ್ಚರ ಬೇಕು. "ವಿಜಯ" ಎಂದರೆ 1773-74 ಆಗಬಹುದು, 1833-34 ಆಗಬಹುದು, 1893-94ಕ್ಕೂ ಆಗಬಹುದು. ಕಾಗದ, ಮಸಿ, ಮುದ್ರೆ, ಅದರಲ್ಲಿರುವ ಬೇರೆ ಹೆಸರುಗಳನ್ನು ನೋಡಿ ಯಾವುದೆಂದು ತೀರ್ಮಾನಿಸಬೇಕು.

ಸರ್ಕಾರದ ಹಳೇ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಪಟ್ಟಿಗಳನ್ನು ಅಭಿಲೇಖ್ ಪಟಲ್ ಎಂಬ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಅಲ್ಲಿ ಕೊಡಗು ಎಂದು ಹೊಡೆದರೆ ಸಿಗುವುದಿಲ್ಲ, ಕೂರ್ಗ್ ಎನ್ನಬೇಕು. ಮಡಿಕೇರಿ ಅಲ್ಲಿ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ, ವಿರಾಜಪೇಟೆ ವೀರರಾಜೇಂದ್ರಪೇಟೆ. ನಿಮ್ಮ ಒಕ್ಕದ ಹೆಸರನ್ನೂ ಇಂಗ್ಲಿಷ್ ಕಿವಿಗೆ ಹೇಗೆ ಕೇಳಿಸಿರಬಹುದು ಎಂದು ಐದಾರು ಥರ ಬರೆದು ಹುಡುಕಿ.

ಟಿಪ್ಪು ಕಾಲದಲ್ಲಿ ನಮ್ಮ ಮನೆಯವರನ್ನು ಹಿಡ್ಕೊಂಡು ಹೋದ್ರಂತೆ. ಅಲ್ಲಿಂದ ಹಿಂದೆ ಏನೂ ಇಲ್ಲ.

1780ರ ದಶಕದಲ್ಲಿ ತುಂಬಾ ಕೊಡವ ಮನೆಗಳವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಕೆಲವರು ಅಲ್ಲೇ ಸತ್ತರು, ಕೆಲವರು ಮುಸ್ಲಿಮರಾಗಿ ಉಳಿದರು, 1791-92ರ ಯುದ್ಧದ ಗಲಾಟೆಯಲ್ಲಿ ತಪ್ಪಿಸಿಕೊಂಡು ಬಂದವರೂ ಇದ್ದಾರೆ. ಖಾಲಿ ಬಿದ್ದ ಭೂಮಿಗೆ ಬೇರೆಯವರು ಬಂದರು. ಹಾಗಾಗಿ ನಿಮ್ಮ ಸಾಲು ಅಲ್ಲಿ ಮುರಿದಿದ್ದರೆ ಅದು ನಿಮ್ಮ ಹುಡುಕಾಟದ ತಪ್ಪಲ್ಲ.

ಇಂಥ ಕಡೆ ನಾನು ಸಾಲನ್ನು ಬಲವಂತವಾಗಿ ಸೇರಿಸುವುದಿಲ್ಲ. "ಇಲ್ಲಿ ಮುರಿದಿದೆ" ಎಂದು ಬರೆದು, ಆಚೆಯ ಹೆಸರುಗಳನ್ನು ಮನೆಯಲ್ಲಿ ಹೇಳುವ ಕಥೆಯಂತೆ ಬೇರೆ ಹಾಳೆಯಲ್ಲಿ ಇಡುತ್ತೇನೆ. ಕೊಡವ ಮನೆಪೆದ ಇಟ್ಟುಕೊಂಡ ಮುಸ್ಲಿಂ ಮನೆತನಗಳು ನಮ್ಮಲ್ಲಿವೆ. ಅವರ ಮನೆಯ ಹಿರಿಯರ ಹತ್ತಿರವೂ ಕೂತು ಕೇಳಿ. ಒಂದೇ ಮರದ ಎರಡು ಕವಲು ಇನ್ನೂರು ವರ್ಷ ಬೇರೆ ಬೇರೆ ಇದ್ದು, ಒಂದೇ ಕಥೆಯನ್ನು ಎರಡು ರೀತಿ ಹೇಳುವುದನ್ನು ಕೇಳಿದಾಗ ಮೈ ಜುಂ ಎನ್ನುತ್ತದೆ.

ನಮ್ಮವರು ಸುಳ್ಯ ಕಡೆಯಿಂದ ಬಂದವರು ಅಂತಾರೆ. ಹುಡುಕಾಟ ಮಡಿಕೇರಿಯಲ್ಲಾ, ಮಂಗಳೂರಲ್ಲಾ?

ಎರಡೂ ಕಡೆ. ಅಮರಸುಳ್ಯ ಮಾಗಣೆ, ಪುತ್ತೂರು ಮಾಗಣೆ ಎಂಬ ಸೀಮೆಗಳು 1834ರ ತನಕ ಕೊಡಗು ರಾಜ್ಯದಲ್ಲಿದ್ದವು. ಆಮೇಲೆ ಬ್ರಿಟಿಷರು ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. 1834ಕ್ಕಿಂತ ಹಿಂದಿನದು ಕೊಡಗಿನ ಲೆಕ್ಕ, ನಂತರದ್ದು ಮಂಗಳೂರಿನ ಲೆಕ್ಕ. ಬ್ರಿಟಿಷರ ವಿರುದ್ಧದ 1837ರ ದಂಗೆಯಲ್ಲಿ ಸೇರಿದ್ದವರ ವಿಚಾರಣೆಯ ಕಾಗದಗಳೂ ಇವೆ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದು ಆ ದಂಗೆಯಲ್ಲೇ. ನಿಮ್ಮ ಮನೆಯಲ್ಲಿ "ದಂಗೆಗೆ ಹೋದ ಅಜ್ಜ" ಎಂಬ ಮಾತಿದ್ದರೆ ಅದನ್ನು ಬಿಡಬೇಡಿ.

ನಮ್ಮಜ್ಜಿ ಕಾಫಿ ತೋಟದ ಲೈನ್ ಮನೆಯಲ್ಲಿದ್ದವಳು. ನಮಗೆ ಐನ್‌ಮನೆಯೂ ಇಲ್ಲ, ಪಹಣಿಯೂ ಇಲ್ಲ. ನಮ್ಮ ಹಿರಿಯರು ಎಲ್ಲಿ ಸಿಗ್ತಾರೆ?

ಈ ಪ್ರಶ್ನೆ ಕೇಳಿದ ಹುಡುಗ ಎರವ ಬುಡಕಟ್ಟಿನವನು. ಅವನಿಗೆ ಉತ್ತರ ಕೊಡಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲು ಕಹಿಯಾದ್ದು ಹೇಳಬೇಕು. ಎರವರು, ಹೊಲೆಯರನ್ನು ಹಿಂದೆ ಭೂಮಿಯ ಜೊತೆ ಸೇರಿಸಿ ಲೆಕ್ಕ ಹಾಕುತ್ತಿದ್ದರು. "ಭೂಮಿ ಜಮ್ಮದ ಆಳು" ಎಂದರೆ ಗದ್ದೆ ಕೈ ಬದಲಾದರೆ ಜೊತೆಗೆ ಹೋಗುವ ಮನುಷ್ಯ. 1843ರ ಕಾಯ್ದೆಯಿಂದ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಯಿತು, ಬದುಕು ಅಷ್ಟು ಬೇಗ ಬದಲಾಗಲಿಲ್ಲ. ಹಾಗಾಗಿ ಅವರ ಹಿರಿಯರ ಸುಳಿವು ಇರುವುದು ನಮ್ಮಂಥವರ ಮನೆಯ ಟ್ರಂಕುಗಳಲ್ಲಿ, ಧಣಿಗಳ ಕಾಗದದಲ್ಲಿ, ಭತ್ತ ಅಳೆದು ಕೊಟ್ಟ ಲೆಕ್ಕದ ಪುಸ್ತಕದಲ್ಲಿ. ಅಂಥ ಪುಸ್ತಕ ನಿಮ್ಮಲ್ಲಿದ್ದರೆ ಆ ಕುಟುಂಬದವರನ್ನು ಕರೆದು ತೋರಿಸಿ. ಅದು ಅವರದ್ದು ಕೂಡ.

ತೋಟದ ಕಡೆ ಚೆಕ್‌ರೋಲ್ ನೋಡಿ. ಯಾವ ದಿನ ಯಾರು ಕೆಲಸಕ್ಕೆ ಬಂದರು ಎಂಬ ಪಟ್ಟಿ ಅದು. ಗಂಡ ಹೆಂಡತಿ ಮಕ್ಕಳ ಹೆಸರು ಒಂದರ ಕೆಳಗೊಂದು ಬಂದಿರುತ್ತದೆ. ಭವಿಷ್ಯನಿಧಿಯ ಕಾಗದದಲ್ಲಿ ನಾಮಿನಿಯ ಹೆಸರು ಇರುತ್ತದೆ. ಆಶ್ರಮ ಶಾಲೆಯ ರಿಜಿಸ್ಟರ್, ಪಡಿತರ ಚೀಟಿ, ಮತದಾರರ ಪಟ್ಟಿ ಕೂಡ ನೋಡಿ. ಕಾಡಿನಲ್ಲಿ ಇದ್ದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳಿವೆ. ಅದರ ನಿಯಮದಲ್ಲಿ ಹಿರಿಯರ ಬಾಯಿಮಾತನ್ನು ಬರೆದುಕೊಂಡದ್ದು, ಹಳೇ ಸಮಾಧಿ, ಬಾವಿ, ದೇವರ ಬನ ಇವೆಲ್ಲ ಸಾಕ್ಷಿ. ನಾಗರಹೊಳೆ ಕಡೆಯ ಜೇನುಕುರುಬ, ಎರವ ಹಾಡಿಗಳಲ್ಲಿ ಹಿರಿಯರು ಆಗ ಹೇಳಿದ್ದು ಗ್ರಾಮಸಭೆಯ ಕಡತದಲ್ಲಿ ಇದೆಯಾ ಎಂದು ಕೇಳಿ.

ಆ ಹುಡುಗನಿಗೆ ಅವನ ಮುತ್ತಜ್ಜಿಯ ಹೆಸರು ಸಿಕ್ಕಿದ್ದು ಒಂದು ಚೆಕ್‌ರೋಲ್‌ನಲ್ಲಿ. ಪೆನ್ಸಿಲಿನಲ್ಲಿ ಬರೆದ ಹೆಸರು, ಪಕ್ಕದಲ್ಲಿ ದಿನಗಳ ಗೀಟುಗಳು. ಒಂದು ತಿಂಗಳಲ್ಲಿ ಹನ್ನೊಂದು ಗೀಟಾದ ಮೇಲೆ ಖಾಲಿ, ಎರಡು ತಿಂಗಳಾದ ಮೇಲೆ ಮತ್ತೆ ಶುರು. ಆ ಖಾಲಿ ಜಾಗದಲ್ಲೇ ತನ್ನ ಅಜ್ಜ ಹುಟ್ಟಿರಬೇಕು ಎಂದು ಅವನು ಲೆಕ್ಕ ಹಾಕಿ ಹೇಳಿದ.

ದಾಖಲೆ ಒಂದು ಹೇಳ್ತದೆ, ಅಜ್ಜಿ ಇನ್ನೊಂದು ಹೇಳ್ತಾರೆ. ಯಾರನ್ನು ನಂಬೋದು?

ಯಾವ ವಿಷಯಕ್ಕೆ ಎನ್ನುವುದರ ಮೇಲೆ ಹೋಗುತ್ತದೆ. ವರ್ಷ, ಗದ್ದೆಯ ಅಳತೆ, ಕಂದಾಯ ಇವಕ್ಕೆ ಕಾಗದ ಮೇಲು. ಯಾರು ಯಾರ ಮಗಳು, ಯಾಕೆ ಆ ಮನೆ ಬಿಟ್ಟರು, ಯಾರನ್ನು ಯಾಕೆ ಪಟ್ಟಿಯಿಂದ ಬಿಟ್ಟರು ಎನ್ನುವುದಕ್ಕೆ ನಾನು ಅಜ್ಜಿಯ ಕಡೆ. ಎರಡನ್ನೂ ಬರೆದಿಡಿ, ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂದೂ ಬರೆಯಿರಿ. ಮುಂದೆ ಇನ್ನೊಂದು ಕಾಗದ ಸಿಕ್ಕಾಗ ತೀರ್ಮಾನವಾಗಬಹುದು.

ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಎಲ್ಲಾ ಗೊತ್ತಾಗ್ತದಲ್ವಾ?

ಹತ್ತಿರದ ಸಂಬಂಧಿಕರು ಯಾರು ಎಂದು ಗೊತ್ತಾಗಬಹುದು. ಅದೂ ಆ ಸಂಬಂಧಿಕರೂ ಅದೇ ಕಡೆ ಟೆಸ್ಟ್ ಮಾಡಿಸಿದ್ದರೆ ಮಾತ್ರ. ಹೆಸರು, ಊರು, ಕಥೆ ಅದರಲ್ಲಿ ಬರುವುದಿಲ್ಲ. ಗ್ರೀಕರ ವಂಶ, ಅಲೆಕ್ಸಾಂಡರನ ಸೈನಿಕರು ಎಂಬ ಮಾತುಗಳಿಗೂ ನಮ್ಮ ಯಾವ ಹಳೇ ದಾಖಲೆಯಲ್ಲೂ ಆಧಾರವಿಲ್ಲ. ಆ ದುಡ್ಡಿನಲ್ಲಿ ಒಂದು ವಾರ ರಜೆ ಹಾಕಿ ಐನ್‌ಮನೆಯಲ್ಲಿ ಇದ್ದು ಬನ್ನಿ ಎಂದು ನಾನು ಹೇಳುತ್ತೇನೆ.

ಸಿಕ್ಕಿದ್ದನ್ನೆಲ್ಲ ಹೇಗೆ ಕಾಪಾಡೋದು? ನಮ್ಮ ಮಳೆಗೆ ಕಾಗದ ಉಳಿಯೋದಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆಗಳ ಜೊತೆ ಟ್ರಂಕುಗಳೂ ಹೋದವು. ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾವ ಕಾಗದ ಸಿಕ್ಕರೂ ಅದೇ ದಿನ ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದು, ಕನಿಷ್ಠ ಮೂರು ಮನೆಗೆ ಕಳಿಸುವುದು. ಒಂದು ಮನೆಯಾದರೂ ಜಿಲ್ಲೆಯ ಹೊರಗೆ ಇರಬೇಕು.

ಅಸಲು ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಗಮ್ ಟೇಪ್ ಹಚ್ಚಬೇಡಿ. ಮಡಿಕೆ ನಿಧಾನ ಬಿಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಎತ್ತರದಲ್ಲಿ ಇಡಿ. ಮಳೆಗಾಲ ಮುಗಿದು ಬಿಸಿಲು ಬಂದ ಮೇಲೆ ವರ್ಷಕ್ಕೊಂದು ಸಲ ತೆಗೆದು ನೆರಳಲ್ಲಿ ಗಾಳಿಗೆ ಹರಡಿ. ನಾವು ಪುತ್ತರಿಯ ಮಾರನೇ ದಿನ ಮಾಡುತ್ತೇವೆ. ಮನೆ ತುಂಬಾ ಜನ ಇರುತ್ತಾರೆ, ಚಾಪೆಯ ಮೇಲೆ ಕಾಗದ ಹರಡಿದ ಕೂಡಲೇ ಯಾರೋ ಒಬ್ಬರು ಬಗ್ಗಿ ನೋಡಿ, "ಈ ಸಹಿ ನಮ್ಮ ಅಜ್ಜನದ್ದಲ್ವಾ?" ಎನ್ನುತ್ತಾರೆ.